ಪಹಣಿಯಲ್ಲಿ ಅಜ್ಜ

ಕೇಂದ್ರ ಸರ್ಕಾರವು 2019ರಲ್ಲಿ ಕಿಸಾನ್ ಸಮ್ಮಾನ್ ನಿಧಿಯೆಂದು ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ರೈತರಿಗೆ ಕೊಡತೊಡಗಿದಾಗ, ನಮ್ಮ ಮನೆಯಲ್ಲಿ ಮೊದಲು ನೆನಪಾದವರು ತೀರಿಕೊಂಡಿದ್ದ ಅಜ್ಜ. ಪಹಣಿಯಲ್ಲಿ ಇಂದಿಗೂ ಅವರದೇ ಹೆಸರು! ಉಳುವವರು ಅಪ್ಪ, ಗೊಬ್ಬರದ ಸಾಲ ಹೊತ್ತವರೂ ಅಪ್ಪ. ಹಣವೋ, ಪಹಣಿಯಲ್ಲಿ ಹೆಸರಿದ್ದವರಿಗೆ. ಪಕ್ಕದ ಹೊಲದ ಯಜಮಾನರು ಊರು ಬಿಟ್ಟು ವರ್ಷಗಳಾದುವು. ಅವರಿಗೆ ಕಂತು ತಪ್ಪದೆ ಬರುತ್ತದೆ. ಆ ಹೊಲವನ್ನು ಗುತ್ತಿಗೆಗೆ ಮಾಡುವವರೂ ಅಪ್ಪನೇ.

ಪೌತಿ ಖಾತೆ ಮಾಡಿಸೋಣವೆಂದರೆ ಚಿಕ್ಕಪ್ಪಂದಿರು ಒಪ್ಪಬೇಕು. ಪಾಲುಪಾರಿಕತ್ತಿನ ಮಾತು ಏಳುತ್ತದೆಂದು ಅಪ್ಪ ಸುಮ್ಮನಿದ್ದರು. ನನಗೆ ಸಿಟ್ಟು. ಕಳೆದ ಯುಗಾದಿಗೆ ಎಲ್ಲರೂ ಸೇರಿದಾಗ ಅರ್ಜಿಯನ್ನು ನಾನೇ ಬರೆದು ಓದಿದೆ.

ಅಜ್ಜಿ ಕೇಳಿದಳು: “ಹಾಗಾದರೆ ನಿಮ್ಮಜ್ಜನ ಹೆಸರು ಹೊಡೆದುಹಾಕ್ತಾರೇನಪ್ಪ?”

ಯಾರೂ ಮಾತಾಡಲಿಲ್ಲ. ಅರ್ಜಿ ಈಗಲೂ ನನ್ನ ಅರ್ಥಶಾಸ್ತ್ರದ ಪುಸ್ತಕದಲ್ಲಿದೆ.