ಇಳಿಯಲು ಬಿಡದ ಗಾಡಿ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಇಂಟರ್‌ನೆಟ್ಟಿನ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯಿತು. ನಿಗಮದ ಪ್ರಧಾನ ಕಚೇರಿ ಇದ್ದುದು ನಮ್ಮ ಮುಂಬೈಯಲ್ಲೇ. ಸಾರ್ವಜನಿಕರು ಎಂದರೆ ಕಂಪ್ಯೂಟರು, ಮೋಡೆಮ್ಮು, ಸ್ವಂತ ಫೋನು, ಅಪಾರ ತಾಳ್ಮೆ ಈ ನಾಲ್ಕೂ ಇದ್ದ ಪುಣ್ಯವಂತರು. ಮೋಡೆಮ್ಮು ಕಿರುಗುಟ್ಟಿ ಕಿರುಗುಟ್ಟಿ ಕೊನೆಗೊಮ್ಮೆ ಸಂಪರ್ಕ ಸಿಕ್ಕಿತೆನ್ನುವಾಗ ಒಳಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಮುಗಿಯಿತು, ಮತ್ತೆ ಮೊದಲಿಂದ. ಕನ್ನಡದ ಪಾಡಂತೂ ಕೇಳುವುದೇ ಬೇಡ. ಇಲ್ಲಿನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಎಂಬ ಕನ್ನಡದ ಮೊದಲ ಜಾಲತಾಣ ಕಟ್ಟಿದರು. ಆ ಕಾಲದಲ್ಲಿ ಓದುಗನ ಕಂಪ್ಯೂಟರಿನಲ್ಲಿ ತಕ್ಕ ಫಾಂಟ್ ಇಲ್ಲದಿದ್ದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಆಮೇಲೆ ಯುನಿಕೋಡ್ ಬಳಕೆಗೆ ಬಂತು, ತೊಡಕುಗಳು ಒಂದೊಂದಾಗಿ ಬಿಡಿಸಿಕೊಂಡವು. ಇದನ್ನು ನೆನೆಯುವುದು ‘ಆ ಕಾಲವೇ ಚೆಂದ’ ಎಂದು ಹಲುಬುವುದಕ್ಕಲ್ಲ. ಆ ಕಾಲ ಚೆಂದವೇನೂ ಇರಲಿಲ್ಲ. ಆದರೆ ಅಂದಿನ ಕಿರಿಕಿರಿ ಅಸಾಮರ್ಥ್ಯದಿಂದ ಹುಟ್ಟಿದ್ದು, ಅದನ್ನು ನೀಗಿಸಬೇಕೆಂದು ಯಾರೋ ನಿದ್ದೆಗೆಟ್ಟು ದುಡಿಯುತ್ತಿದ್ದರು. ಇಂದಿನ ಕಿರಿಕಿರಿ ಜಾಣತನದಿಂದ ಹುಟ್ಟಿದ್ದು. ಅದನ್ನು ಹೆಚ್ಚಿಸಬೇಕೆಂದು ಅಷ್ಟೇ ನಿದ್ದೆಗೆಟ್ಟು ದುಡಿಯುವವರಿದ್ದಾರೆ.

ಸಾಮರ್ಥ್ಯಕ್ಕಂತೂ ಈಗ ಬರವಿಲ್ಲ. ಸಮುದ್ರದಡಿಯ ಕೇಬಲ್‌ಗಳು ಇಲ್ಲಿನ ವರ್ಸೋವಾದಲ್ಲಿ ಬಂದು ದಡ ಹತ್ತುತ್ತವೆ. ದೇಶದ ಇಂಟರ್‌ನೆಟ್ಟಿನ ದೊಡ್ಡ ಪಾಲು ಈ ಊರಿನ ಮೂಲಕವೇ ಹಾದುಹೋಗುತ್ತದೆ. ಹೀಗಿದ್ದೂ, ಭಾನುವಾರ ಲೋಕಲ್ ಗಾಡಿಯ ಹಾರ್ಬರ್ ಲೈನಿನಲ್ಲಿ ಹಳಿ ದುರಸ್ತಿಯ ಮೆಗಾಬ್ಲಾಕ್ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಹುಡುಕಿ ನೋಡಿ. ಸುದ್ದಿಯ ಪುಟ ತೆರೆದೊಡನೆ ‘ನೋಟಿಫಿಕೇಶನ್ ಕಳಿಸಲೇ?’ ಎಂಬ ಪ್ರಶ್ನೆ, ಅದಕ್ಕೆ ಬೇಡವೆಂದರೆ ‘ಆ್ಯಪ್ ಹಾಕಿಕೊಳ್ಳಿ’ ಎಂಬ ಒತ್ತಾಯ. ಕೆಳಮೂಲೆಯಲ್ಲಿ ಕರೆಯದೆ ಬಂದ ವಿಡಿಯೋ ತಾನಾಗಿಯೇ ಕೂಗತೊಡಗುತ್ತದೆ. ಮೊದಲ ಮೂರು ಪ್ಯಾರಾ ಮೆಗಾಬ್ಲಾಕ್ ಎಂದರೇನು ಎಂಬ ವಿವರಣೆ, ಈ ಊರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಗಂಟೆಯ ವಿವರ ಪುಟದ ತಳದಲ್ಲಿ, ಅಷ್ಟು ಹೊತ್ತಿಗೆ ನಾಲ್ಕು ಜಾಹೀರಾತು ದಾಟಿರಬೇಕು. ಇಂದಿನ ಸಾಧಾರಣ ಪುಟವೊಂದು 2 ಎಂಬಿ ಮೀರುತ್ತದೆ. ಹಳೆಯ 28.8 ಕೆಬಿಪಿಎಸ್ ಮೋಡೆಮ್ಮಿಗೆ ಅದನ್ನು ಇಳಿಸಲು 9 ನಿಮಿಷ ಬೇಕಾಗುತ್ತಿತ್ತು. ಅದರಲ್ಲಿ ನಮಗೆ ಬೇಕಾದ ಅಕ್ಷರಗಳು ಒಂದೆರಡು ಸೆಕೆಂಡಿನ ಸರಕು. ಮಿಕ್ಕಿದ್ದರಲ್ಲಿ ಹೆಚ್ಚಿನದು ನಮ್ಮನ್ನು ತಡೆದು ನಿಲ್ಲಿಸುವ, ನಮ್ಮ ಬೆನ್ನುಹತ್ತುವ ಸಾಮಗ್ರಿ.

ಇದು ಬೇಕೆಂದೇ ಮಾಡಿದ್ದು ಎನ್ನುವುದಕ್ಕೆ ಪುರಾವೆ ಏನು? ಮೊದಲ ಸಾಕ್ಷಿ ಗೂಗಲ್ ಕಟ್ಟಿದವರೇ. ಜಾಹೀರಾತಿನ ಹಣದಲ್ಲಿ ನಡೆಯುವ ಶೋಧಯಂತ್ರ ಓದುಗನನ್ನು ಬಿಟ್ಟು ಜಾಹೀರಾತುದಾರನ ಕಡೆ ವಾಲುವುದು ಸಹಜ ಎಂದು ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರ ತಮ್ಮ ಪ್ರಬಂಧದಲ್ಲೇ ಎಚ್ಚರಿಸಿದ್ದರು. ಆಮೇಲೆ ಅದೇ ಹಣದಲ್ಲಿ ಸಾಮ್ರಾಜ್ಯ ಕಟ್ಟಿದರು. ಐಫೋನಿನಲ್ಲಿ ಮೊದಲ ಶೋಧಯಂತ್ರ ತಾನೇ ಆಗಿರಲೆಂದು ಆ ಕಂಪನಿ 2022ರ ಒಂದೇ ವರ್ಷ ಆ್ಯಪಲ್‌ಗೆ 2000 ಕೋಟಿ ಡಾಲರ್ ಕೊಟ್ಟದ್ದು ಅಮೆರಿಕದ ಕೋರ್ಟಿನಲ್ಲಿ ಬಯಲಾಯಿತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಶೋಧದಲ್ಲಿ ಗೂಗಲ್‌ನದು ಅಕ್ರಮ ಏಕಸ್ವಾಮ್ಯವೆಂದು ತೀರ್ಪಿತ್ತರು. ಇದಕ್ಕಿಂತ ರಸವತ್ತಾದ ಸಾಕ್ಷಿ ಅಮೆಜಾನಿನದು. ಪ್ರೈಮ್ ಸದಸ್ಯತ್ವ ಬಿಡಬೇಕೆಂದರೆ 4 ಪುಟ, 6 ಕ್ಲಿಕ್, 15 ಆಯ್ಕೆಗಳನ್ನು ದಾಟಬೇಕಿತ್ತು, ಈ ವ್ಯವಸ್ಥೆಗೆ ಕಂಪನಿಯೊಳಗೆ ‘ಇಲಿಯಡ್’ ಎಂಬ ಹೆಸರಿತ್ತು ಎಂದು ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ ದೂರಿತು. ಟ್ರಾಯ್ ಯುದ್ಧದ ಮಹಾಕಾವ್ಯದ ಹೆಸರು! ನಮ್ಮಲ್ಲಾಗಿದ್ದರೆ ‘ಕುರುಕ್ಷೇತ್ರ’ ಎಂದಿಡುತ್ತಿದ್ದರೇನೋ. 2025ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರ್ ತೆತ್ತು ವ್ಯಾಜ್ಯ ಮುಗಿಸಿಕೊಂಡಿತು. ಅಡ್ಡಿಗೆ ಹೆಸರಿಟ್ಟು ಕರೆಯುವವರಿಗೆ ಅದು ಅಡ್ಡಿಯೆಂದು ತಿಳಿಯದೆ ಇರುತ್ತದೆಯೆ?

ಪುಕ್ಕಟೆ ಸಿಗುವಾಗ ಜಾಹೀರಾತು ಸಹಿಸಬೇಕು, ಪತ್ರಿಕೆಗಳೂ ಬದುಕಿದ್ದು ಹಾಗೆಯೇ ತಾನೆ ಎನ್ನುವವರಿದ್ದಾರೆ. ಒಪ್ಪೋಣ. ನಮ್ಮ ಲೋಕಲ್ ಗಾಡಿಯ ಮೈತುಂಬ ಜಾಹೀರಾತು ಹೊದಿಸಿದ್ದಾರೆ, ಒಳಗೆ ಜೋತುಬೀಳುವ ಹಿಡಿಕೆಯನ್ನೂ ಬಿಟ್ಟಿಲ್ಲ. ಮೆಟ್ರೋದಲ್ಲಿ ನಿಲ್ದಾಣದ ಹೆಸರಿಗೇ ಕಂಪನಿಯ ಹೆಸರು ಅಂಟಿಸುವ ಚಾಳಿ ಬಂದಿದೆ. ಆದರೂ ಚರ್ಚ್‌ಗೇಟಿನ ಗಾಡಿ ಚರ್ಚ್‌ಗೇಟಿಗೇ ಹೋಗುತ್ತದೆ. ಹೆಚ್ಚು ದುಡ್ಡು ಕೊಟ್ಟವನ ಅಂಗಡಿ ಅಂಧೇರಿಯಲ್ಲಿದೆಯೆಂದು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದಿಲ್ಲ, ದಾದರ್‌ನಲ್ಲಿ ಇಳಿಯಹೊರಟವನನ್ನು ‘ನಿಜವಾಗಿಯೂ ಇಳಿಯುತ್ತೀರಾ?’ ಎಂದು ಮೂರು ಸಲ ಕೇಳುವುದಿಲ್ಲ. ಜಾಹೀರಾತು ಗಾಡಿಯ ಮೇಲಿರುವುದು ಬೇರೆ, ಗಾಡಿಯನ್ನೇ ನಡೆಸುವುದು ಬೇರೆ. ಇನ್ನು ಪುಕ್ಕಟೆಯ ವಾದ ದುಡ್ಡು ಕೊಟ್ಟವರ ಮುಂದೆ ನಿಲ್ಲುವುದೇ ಇಲ್ಲ: ಪ್ರೈಮ್ ಸದಸ್ಯರು ಚಂದಾ ಕಟ್ಟಿದವರೇ ಅಲ್ಲವೆ?

ಮತ್ತೊಂದು ಆಕ್ಷೇಪ ಹೆಚ್ಚು ತೂಕದ್ದು. ಅಂದು ಇಂಟರ್‌ನೆಟ್ ಉಳ್ಳವರ ಸೊತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ ಎಲ್ಲರ ಕೈಗೂ ಎಟುಕಿತು. ಮಾಟುಂಗಾದ ಹೋಟೆಲಿನಲ್ಲಿ ದೋಸೆ ಹುಯ್ಯುವ ಹುಡುಗ ಬೈಂದೂರಿನಲ್ಲಿರುವ ಅಮ್ಮನ ಮುಖ ನೋಡಿ ಮಾತಾಡುತ್ತಾನೆ. ಊರಿಂದ ಕಾಗದ ಬರಲು ವಾರ ಕಾಯುತ್ತಿದ್ದ ಹಿಂದಿನ ತಲೆಮಾರಿನ ಹೋಟೆಲ್ ಮಾಣಿಗಳನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಆದರೆ ಅಗ್ಗವಾದದ್ದು ಕೇಬಲ್, ಟವರ್ ಮತ್ತು ಪೈಪೋಟಿಯಿಂದ, ಮೋಸದ ಗುಂಡಿಗಳಿಂದಲ್ಲ. ತಡವಾಗಿ ಬಂದವರಿಗೆ ಕಲಬೆರಕೆಯೇ ಸಾಕು ಎನ್ನುವುದು ಯಾವ ಸಮಾನತೆ? ಆ ಹುಡುಗನಿಗೆ ಸಿಕ್ಕಿದ್ದೇ ಈ ಇಂಟರ್‌ನೆಟ್. ಇದು ಹೀಗೇ ಇರುವಂಥದ್ದು ಎಂದು ಅವನು ನಂಬಿಬಿಡುತ್ತಾನೆ.

‘ಬೇಡವಾದರೆ ಬಿಟ್ಟುಬಿಡಿ’ ಎಂಬ ಸಲಹೆಗೆ ಮುಂಬೈಯಲ್ಲಿ ಅರ್ಥವಿಲ್ಲ. ಸೊಸೈಟಿಯಲ್ಲಿ ನಾಳೆ ನೀರು ಬರುವುದಿಲ್ಲವೆಂಬ ಸೂಚನೆ ಬರುವುದು ವಾಟ್ಸಾಪಿನಲ್ಲಿ, ಮಗುವಿನ ಶಾಲೆಯ ಹೋಮ್‌ವರ್ಕ್ ಬರುವುದೂ ಅಲ್ಲೇ. ಕನ್ನಡ ಸಂಘಗಳ ಆಮಂತ್ರಣ, ವರದಿ, ಕವಿಗೋಷ್ಠಿಯ ಫೋಟೋ ಎಲ್ಲ ಈಗ ಯಾವುದೋ ಕಂಪನಿಯ ಗ್ರೂಪಿನೊಳಗೆ. ಜಿಯೋಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಬಾಗಿಲು ಹಾಕಿದಾಗ ಜನ ಬರೆದಿಟ್ಟದ್ದೆಲ್ಲ ಏನಾಯಿತೆಂದು ಬಲ್ಲವರೂ ತಮ್ಮ ಸಂಘದ ಚರಿತ್ರೆಯನ್ನು ಮತ್ತೆ ಅಂಥದೇ ಜಾಗದಲ್ಲಿ ಸುರಿಯುತ್ತಿದ್ದಾರೆ. ಮುಂಬೈಯ ಕನ್ನಡ ಪತ್ರಿಕೆಗಳಾದ ‘ಮೊಗವೀರ’ದ, ‘ನೇಸರು’ವಿನ ಹಳೆಯ ಮುದ್ರಿತ ಸಂಚಿಕೆಗಳನ್ನು ಇಂದೂ ತೆರೆದು ಓದಬಹುದು, ಕಳೆದ ವರ್ಷದ ವಾಟ್ಸಾಪ್ ವರದಿಯನ್ನು ಹುಡುಕಿ ತೆಗೆಯುವುದು ಕಷ್ಟ.

ಬಿಡಲಾಗದಿದ್ದರೂ ದೂರಲು ದಾರಿಯಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಬಳಕೆದಾರನನ್ನು ಸಿಕ್ಕಿಸುವ 13 ಬಗೆಯ ಬಲೆಗಳನ್ನು ಹೆಸರಿಸಿ ನಿಷೇಧಿಸಿದೆ: ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಬಿಡಲು ಬಾರದ ಚಂದಾ, ಕೊನೆಯ ಪುಟದಲ್ಲಿ ಏರುವ ಬೆಲೆ, ‘ಬೇಡ, ನನಗೆ ಹಣ ಉಳಿಸುವುದು ಇಷ್ಟವಿಲ್ಲ’ ಎಂದು ನಮ್ಮ ಬಾಯಿಂದಲೇ ನಾಚಿಕೆಗೇಡು ಹೇಳಿಸುವ ಗುಂಡಿ. ನಿಯಮ ಇದೆ, ದೂರು ಕೊಡುವವರು ಕಡಿಮೆ. ನಾವು ಮಾಡಬಹುದಾದದ್ದೂ ಇದೆ: ಸಂಘದ ವರದಿಯನ್ನು ಸ್ವಂತ ಜಾಲತಾಣದಲ್ಲೂ ಒಂದು ಪ್ರತಿ ಹಾಕಿಡಿ. ನೀವು ಓದುವ ಕನ್ನಡ ತಾಣಕ್ಕೆ ನೇರವಾಗಿ ಹೋಗಿ, ಚಂದಾ ಕೇಳಿದರೆ ಕೊಡಿ. ಮುಂದಿನ ಸಲ ಇಳಿಯಲು ಬಿಡದ ಪುಟ ಎದುರಾದಾಗ ಅದರ ಸ್ಕ್ರೀನ್‌ಶಾಟ್ ತೆಗೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.