ಮದುವೆಯಾದ ಮೇಲೆ ಬಿ.ಎಡ್.

ನಾವು ಇರುವುದು ನೀಲಗಿರಿಯ ಎಮರಾಲ್ಡ್‌ನಲ್ಲಿ. ಊಟಿಯಿಂದ ಸುಮಾರು 20 ಕಿ.ಮೀ. ಕುಂದಾ ಜಲವಿದ್ಯುತ್ ಯೋಜನೆಯ ಅಣೆಕಟ್ಟು, ಸುತ್ತ ಚಹಾ ತೋಟ, ಕ್ಯಾರೆಟ್ ಗದ್ದೆ. ನನ್ನ ಗಂಡನಿಗೆ ಇಲ್ಲಿ ಸಣ್ಣ ಅಂಗಡಿ. ಬಂಟ್ವಾಳ ಕಡೆಯಿಂದ ಮದುವೆಯಾಗಿ ಬರುವಾಗ ನನ್ನ ಹತ್ತಿರ ಬಿ.ಎ. ಡಿಗ್ರಿ ಇತ್ತು. ಬಿ.ಎಡ್. ಮಾಡಬೇಕು ಎಂದು ಹೇಳಿದಾಗ ಸಂಬಂಧಿಕರಿಂದ ಬಂದ ಸಲಹೆ ಒಂದೇ: "ಮನೆಯಲ್ಲೇ ಕೂತು ಕರೆಸ್ಪಾಂಡೆನ್ಸ್‌ನಲ್ಲಿ ಮಾಡು."

ಅದು ಆಗುವುದಿಲ್ಲ. ದೂರಶಿಕ್ಷಣದ ಬಿ.ಎಡ್. ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ. ನನ್ನಂತೆ ಬರೀ ಡಿಗ್ರಿ ಇರುವವರು ಕಾಲೇಜಿಗೆ ಹೋಗಲೇಬೇಕು. ಡಿಗ್ರಿಯಲ್ಲಿ ಶೇ 50 ಅಂಕ, ಎರಡು ವರ್ಷ, ತರಗತಿಯಲ್ಲಿ ಶೇ 80 ಹಾಜರಿ, ಶಾಲೆಯ ಇಂಟರ್ನ್‌ಶಿಪ್‌ನಲ್ಲಿ ಶೇ 90. ಊಟಿ ಕಡೆಯೇ ಸೇರಬಹುದಿತ್ತು, ಆದರೆ ನನಗೆ ತಮಿಳು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನನ್ನ ವಿಷಯ ಕನ್ನಡ. ಹಾಗಾಗಿ ಉಮ್ಮನ ಮನೆಯಲ್ಲಿ ಎರಡು ವರ್ಷ ಇರಬೇಕು ಎಂದಾಯಿತು. ಗಂಡ ಏನೂ ಹೇಳದೆ ಮಾಮಿಯ ಮುಖ ನೋಡಿದರು. ಮಾಮಿ ಹೇಳಿದ್ದು ಇಷ್ಟೇ: "ಹೋಗಿ ಮುಗಿಸಿ ಬಾ. ಇವನಿಗೆ ಅನ್ನ ನಾನು ಹಾಕ್ತೇನೆ." ಮಾಮಿ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ.

ಅರ್ಜಿ ಆನ್‌ಲೈನ್ ಎನ್ನುತ್ತಾರೆ. ಓಡಾಟ ಮಾತ್ರ ಕಾಲಿನದ್ದೇ. ಗ್ರಾಮೀಣ ವ್ಯಾಸಂಗ ಪತ್ರಕ್ಕೆ ಹಳೆಯ ಶಾಲೆಯ ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಬಿ.ಇ.ಒ. ಸಹಿ. ಜಾತಿ ಮತ್ತು ಆದಾಯ ಪತ್ರಕ್ಕೆ ನಾಡಕಚೇರಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಎಮರಾಲ್ಡಿನಿಂದ ಹೊರಟರೆ ಊಟಿ, ಗೂಡಲೂರು, ಮೈಸೂರು, ಮಡಿಕೇರಿ ದಾಟಿ ಊರು ಮುಟ್ಟುವಾಗ ಒಂದು ದಿನ ಹೋಯಿತೆಂದೇ ಲೆಕ್ಕ. ಹಾಗೆ ಹೋದರೆ ಒಂದು ಕಚೇರಿಯಲ್ಲಿ ವಾಪಸ್ ಕಳುಹಿಸಿದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಕೊನೆಗೆ 'ತ್' ಇದೆ, ಆಧಾರ್‌ನಲ್ಲಿ ಇಲ್ಲ. ನಮ್ಮ ಹೆಣ್ಮಕ್ಕಳ ಎಷ್ಟು ಜನರ ದಾಖಲೆಯಲ್ಲಿ ಈ 'ತ್' ಬಂದು ಹೋಗುತ್ತಿದೆಯೋ! ಅಫಿಡವಿಟ್ ಮಾಡಿಸಿ, ಆಧಾರ್ ತಿದ್ದಿಸಿ, ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಅರ್ಜಿ ಹೋಯಿತು.

ಮೊದಲ ವರ್ಷದ ಮನಶ್ಶಾಸ್ತ್ರ, ಪಾಠಯೋಜನೆ, ಚಾರ್ಟು ಅಂಟಿಸುವುದು ಎಲ್ಲರಿಗೂ ಇದ್ದದ್ದೇ. ನನಗೆ ಬಿ.ಎಡ್. ಎಂದರೆ ಎರಡನೇ ವರ್ಷದ ಹದಿನಾರು ವಾರದ ಇಂಟರ್ನ್‌ಶಿಪ್. ಸಿಕ್ಕಿದ್ದು ಬ್ಯಾರಿ ಮಕ್ಕಳು ಹೆಚ್ಚಿದ್ದ ಸರಕಾರಿ ಪ್ರೌಢಶಾಲೆ. ಎಂಟನೇ ತರಗತಿಗೆ 'ನನ್ನ ಊರು' ಎಂದು ಬರೆಯಲು ಕೊಟ್ಟೆ. ಒಬ್ಬ ಹುಡುಗ ಬರೆದ: "ನಮ್ಮ ಹಲ್ಲಿ ತುಂಬಾ ಚಂದ. ನಮ್ಮ ಹಲ್ಲಿಯಲ್ಲಿ ಎರಡು ಅಂಗಡಿ ಇದೆ." ಓದಿದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವನ ಹಿಂದಿನ ಪುಟಗಳಲ್ಲೆಲ್ಲ ಕೆಂಪು ಗೆರೆ, ಪಕ್ಕದಲ್ಲಿ 'ಅಜಾಗರೂಕತೆ' ಎಂದು ಷರಾ.

ಅದು ಅಜಾಗರೂಕತೆ ಅಲ್ಲ. ನಮ್ಮ ಬ್ಯಾರಿಯಲ್ಲಿ ಳ ಲ ಆಗುತ್ತದೆ, ಣ ನ ಆಗುತ್ತದೆ. ಮನೆಯಲ್ಲಿ ಕೇಳದ ಸ್ವರ ಕೈಯಲ್ಲಿ ಬರುವುದು ಹೇಗೆ? ಮರುದಿನ ಬೋರ್ಡಿನಲ್ಲಿ ಜೋಡಿ ಜೋಡಿಯಾಗಿ ಬರೆದೆ: ಹಳ್ಳಿ-ಹಲ್ಲಿ, ಹಾಳು-ಹಾಲು, ಕಳೆ-ಕಲೆ. ನಾಲಗೆಯ ತುದಿ ಎಲ್ಲಿ ಮಡಚಬೇಕೆಂದು ತೋರಿಸಿದೆ. ವಿವರಿಸಿದ್ದು ಅರ್ಧ ಬ್ಯಾರಿಯಲ್ಲಿ. "ಟೀಚರ್ ನಮ್ಮವರಾ?" ಎಂದು ಹಿಂದಿನ ಬೆಂಚಿನಲ್ಲಿ ಗುಸುಗುಸು. ಕ್ರಿಯಾ ಸಂಶೋಧನೆಗೆ ಇದನ್ನೇ ತೆಗೆದುಕೊಂಡೆ. ಹದಿನಾರು ವಾರದಲ್ಲಿ ಎಲ್ಲವೂ ಸರಿಯಾಗಲಿಲ್ಲ. ಆದರೆ ಆ ಹುಡುಗ ಬರೆದ ಮೇಲೆ ಬೆರಳಿಟ್ಟು, ಬಾಯಲ್ಲಿ ಒಮ್ಮೆ ಹೇಳಿ ನೋಡುವುದನ್ನು ಕಲಿತ.

ಈಗ ಎಮರಾಲ್ಡಿಗೆ ವಾಪಸಾಗಿದ್ದೇನೆ. ಪಕ್ಕದ ಬಡಗ ಮನೆಯ ಮಗು ಒಳಗೆ ಬಡಗ, ಶಾಲೆಯಲ್ಲಿ ತಮಿಳು. ಅದು ತಪ್ಪಿದಾಗ ನನಗೆ ನಗು ಬರುವುದಿಲ್ಲ.

ಬಿ.ಎಡ್. ಆದ ಕೂಡಲೇ ಕೆಲಸ ಎಂದು ತಿಳಿಯಬೇಡಿ. ಆರರಿಂದ ಎಂಟನೇ ತರಗತಿಗೆ ಟಿ.ಇ.ಟಿ. ಪಾಸಾಗಬೇಕು, 150ರಲ್ಲಿ 90 ಅಂಕ. 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಂದರಿಂದ ಐದಕ್ಕೆ ಬಿ.ಎಡ್. ನಡೆಯುವುದಿಲ್ಲ, ಅದಕ್ಕೆ ಡಿ.ಎಡ್. ಬೇಕು. ನಾನು ಅಂಗಡಿಯ ಗಲ್ಲಾದ ಹಿಂದೆ ಕೂತು ಟಿ.ಇ.ಟಿ.ಗೆ ಓದುತ್ತಿದ್ದೇನೆ. ನಾದಿನಿಗೆ ಬಿ.ಎಸ್ಸಿ. ಕೊನೆಯ ವರ್ಷ. ಅವಳ ಆಧಾರ್, ಅಂಕಪಟ್ಟಿ ಎಲ್ಲ ಮಾಮಿ ಈಗಲೇ ಕಪಾಟಿನಿಂದ ತೆಗೆಸಿ, ಹೆಸರು ಒಂದೇ ತರ ಇದೆಯಾ ನೋಡು ಎಂದು ನನ್ನ ಮುಂದೆ ಇಟ್ಟಿದ್ದಾರೆ.