ಎಡೆದೊರೆ ನಾಡಿನ ಗಡಿ ದಾಟಿ

ಪಾರ್ಕ್ ಚಾನ್-ವೂಕ್ ನಿರ್ದೇಶಿಸಿದ ‘ಜಾಯಿಂಟ್ ಸೆಕ್ಯುರಿಟಿ ಏರಿಯಾ’ 2000ದಲ್ಲಿ ತೆರೆಕಂಡ ಕೊರಿಯಾದ ಥ್ರಿಲ್ಲರ್. ಉತ್ತರ, ದಕ್ಷಿಣ ಕೊರಿಯಾಗಳ ನಡುವಿನ ಪನ್ಮುಂಜೋಮ್ ಗಡಿಯ ಎರಡೂ ಕಡೆಯ ಕಾವಲು ಸೈನಿಕರು ರಾತ್ರಿ ಕದ್ದು ಕೂಡಿ ಗೆಳೆಯರಾಗುತ್ತಾರೆ. ಕೊನೆಗೊಂದು ರಾತ್ರಿ ಗುಂಡು ಹಾರುತ್ತದೆ. 1953ರ ಕದನವಿರಾಮ ಎಳೆದ ಆ ಗೆರೆ ಇನ್ನೂ ಅಳಿದಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡೂ ಇನ್ನೂರು ವರ್ಷ ಅಂಥದೇ ಗಡಿ. ಈ ನೆಲಕ್ಕಾಗಿ ವಿಜಯನಗರವು ಮೊದಲು ಬಹಮನಿಗಳೊಡನೆ, ಆಮೇಲೆ ಆದಿಲ್‌ಶಾಹಿಗಳೊಡನೆ ಕಾದಾಡಿತು. ಆ ಗಡಿಯನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕೆನಿಸಿ ಮಾನ್ವಿಯಲ್ಲಿ ಬಸ್ ಹತ್ತಿದೆ.

ಮಾನ್ವಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹೋದಷ್ಟೂ ಭತ್ತ. ದಂಡು ತುಳಿದ ಈ ಸೀಮೆಯಲ್ಲೇ ಮುಂದೆ ಜಗನ್ನಾಥದಾಸರು ‘ಹರಿಕಥಾಮೃತಸಾರ’ ಬರೆದರು!

ರಾಯಚೂರಿನ ಕೋಟೆಯೆದುರು ನಿಂತಾಗ ಮಾತೇ ಹೊರಡಲಿಲ್ಲ. 1294ರ ಶಾಸನ ಕೊರೆದ ಒಂದೇ ಕಲ್ಲು 41 ಅಡಿಗೂ ಉದ್ದ. ಅದನ್ನು ಬಂಡಿಗೇರಿಸಿ ಸಾಲುಸಾಲು ದನ ಹೂಡಿ ಎಳೆತಂದ ಚಿತ್ರವನ್ನೂ ಗೋಡೆಯಲ್ಲೇ ಕೆತ್ತಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದು ಈ ಕೋಟೆಗೇ. ಪೋರ್ಚುಗೀಸ್ ಕ್ರಿಸ್ತೊವಾವ್ ದೆ ಫಿಗೇರೆದೊನ ಬಂದೂಕಿನವರು ಮೇಲೆ ತಲೆ ತೋರಿದವರನ್ನು ಉರುಳಿಸುತ್ತಿದ್ದರೆ, ರಾಯನ ಆಳುಗಳು ಕೆಳಗೆ ಗೋಡೆಯ ಕಲ್ಲು ಕಿತ್ತರು. ಇದನ್ನೆಲ್ಲ ಬರೆದಿಟ್ಟವನು ಕುದುರೆ ವ್ಯಾಪಾರಿ ನೂನಿಜ್.

ಯಾರು ಯಾವ ಕಡೆ ಎಂಬುದೂ ಇಲ್ಲಿ ಅಷ್ಟು ಸರಳವಲ್ಲ. ಅದಕ್ಕೂ ಮೊದಲೇ ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ದಂಡಿಗೆ ಸೇರಿಸಿಕೊಂಡಿದ್ದ. 1520ರ ಜಗಳಕ್ಕೆ ನೆವವಾದದ್ದೂ ಒಬ್ಬ ಗಡಿ ದಾಟಿದ್ದು: ಕುದುರೆ ಕೊಳ್ಳಲೆಂದು ರಾಯ ಕೊಟ್ಟ ಹಣದೊಂದಿಗೆ ಸೈಯದ್ ಮರಕ್ಕಾರ್ ಆದಿಲ್‌ಶಾಹಿ ಸೀಮೆಗೆ ಓಡಿಹೋದನಂತೆ. ಇಸ್ಮಾಯಿಲ್ ಆದಿಲ್‌ಶಹನ ಸೈನ್ಯ ಸೋತು ಕೃಷ್ಣೆಗೆ ಬಿದ್ದು ಮುಳುಗುತ್ತಿದ್ದಾಗ, ತಪ್ಪಿಲ್ಲದವರು ಸಾಕಷ್ಟು ಸತ್ತರೆಂದು ರಾಯ ಬೆನ್ನಟ್ಟುವುದನ್ನು ನಿಲ್ಲಿಸಿದನೆಂದು ನೂನಿಜ್ ಹೇಳುತ್ತಾನೆ. ಗೆದ್ದ ಗಳಿಗೆಯಲ್ಲಿ ಎದುರಾಳಿಯ ಸೈನಿಕನೂ ಮನುಷ್ಯನಾಗಿ ಕಂಡದ್ದು ನನಗೆ ಕೋಟೆಗಿಂತ ದೊಡ್ಡದೆನಿಸಿತು.

ಬೇಡ ಪಾಳೆಗಾರರ ನೆಲೆಯಾಗಿದ್ದ ದೇವದುರ್ಗದಿಂದ ತಿಂಥಣಿ ಬ್ರಿಜ್‌ಗೆ ಹೋದೆ. ಪನ್ಮುಂಜೋಮ್‌ನ ಸೇತುವೆಗೆ ‘ಮರಳಿ ಬಾರದ ಸೇತುವೆ’ ಎಂದು ಹೆಸರು; ಯುದ್ಧಕೈದಿಗಳು ಒಮ್ಮೆ ದಾಟಿದರೆ ತಿರುಗಿ ಬರುವಂತಿರಲಿಲ್ಲ. ಇಲ್ಲಿ ಕೃಷ್ಣೆಯ ಮೇಲೆ ಬಸ್ಸು, ಟಂಟಂ, ಜೋಳದ ಚೀಲದ ಟ್ರ್ಯಾಕ್ಟರ್ ದಿನವಿಡೀ ಹೋಗಿಬರುತ್ತವೆ. ಆಚೆ ದಂಡೆಯಲ್ಲಿ ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಗುಡಿ. ಸಾಮ್ರಾಜ್ಯಗಳ ಗಡಿ ಈಗ ರಾಯಚೂರು, ಯಾದಗಿರಿ ಜಿಲ್ಲೆಗಳ ಗಡಿ.

“ಆ ಕಡಿ ಮಂದಿ ಬ್ಯಾರೇನ್ರಿ?” ಎಂದು ಪಕ್ಕದ ಹಿರಿಯರನ್ನು ಕೇಳಿದೆ.

“ಏನ್ ಬ್ಯಾರೆ ತಮ್ಮಾ? ನನ್ನ ಮಗಳನ್ನ ಅಲ್ಲೇ ಕೊಟ್ಟೀನಿ. ಮೌನಪ್ಪನ ಜಾತ್ರಿಗೆ ಬಾ, ಎರಡೂ ದಂಡಿ ಮಂದಿ ಅಲ್ಲೇ ಸಿಗ್ತೀವಿ.”